ಹಂಚಿಟ್ಟ ಹಣದ ಒಟ್ಟು ಲಾಭ
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನಿಂದು ಹೇಳಹೊರಟಿರುವುದು ಸಣ್ಣ ಲೆಕ್ಕ. ಆದರೆ ಅದರಲ್ಲಿ ಎಡವಿದರೆ ಹೋಗುವುದು ಜೀವಮಾನದ ಗಂಟು. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಬಾಕಿ ಹಣ ಕೈಗೆ ಬಂದ ಕಾರ್ಮಿಕನ ಮುಂದಿದ್ದ ಪ್ರಶ್ನೆ, ಇದನ್ನು ಎಲ್ಲಿಡಲಿ ಎಂಬುದು. ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಹೊರಟವನ ಪ್ರಶ್ನೆಯೂ ಅದೇ. ಒಂದೇ ಕಡೆ ಇಡಬೇಡ, ಹಂಚಿಡು ಎನ್ನುತ್ತಾರೆ ಹಿರಿಯರು. ಸರಿಯಾದ ಮಾತು. ಆದರೆ ಹಂಚಿಟ್ಟ ಮೇಲೆ ಒಟ್ಟು ಲಾಭವನ್ನು ಅಳೆಯುವುದು ಹೇಗೆ?

ಒಬ್ಬನಲ್ಲಿ ಒಂದು ಲಕ್ಷ ರೂಪಾಯಿ ಇದೆ ಎನ್ನೋಣ. 80,000 ಬ್ಯಾಂಕಿನ ಠೇವಣಿಗೆ ಹಾಕಿದ. ಶೇಕಡಾ 6ರಂತೆ ವರ್ಷಕ್ಕೆ 4,800 ಬಂತು. 15,000 ಪರಿಚಯದವರ ಕಿರಾಣಿ ಅಂಗಡಿಗೆ ಕೊಟ್ಟ. ಶೇಕಡಾ 10ರಂತೆ 1,500. ಉಳಿದ 5,000 ಗೆಳೆಯನ ಬೀಡಾ ಗಾಡಿಗೆ. ಅಲ್ಲಿ ಶೇಕಡಾ 44, ಅಂದರೆ 2,200. ಆಗ ಒಬ್ಬ ದಲಾಲ ಬರುತ್ತಾನೆ. "ಆರು, ಹತ್ತು, ನಲವತ್ತನಾಲ್ಕು ಕೂಡಿದರೆ ಅರವತ್ತು, ಮೂರರಿಂದ ಭಾಗಿಸಿ, ನಿಮಗೆ ಶೇಕಡಾ ಇಪ್ಪತ್ತು ಲಾಭ!" ಎಂದು ಬೆನ್ನು ತಟ್ಟುತ್ತಾನೆ. ಕಿವಿಗೆ ಇಂಪು. ಆದರೆ ಲಕ್ಷಕ್ಕೆ ಶೇಕಡಾ ಇಪ್ಪತ್ತೆಂದರೆ 20,000 ರೂಪಾಯಿ. ಕೈಗೆ ಬಂದದ್ದನ್ನು ಎಣಿಸಿ ನೋಡಿ: 8,500. ಶೇಕಡಾ ಎಂಟೂವರೆ! ಮಿಕ್ಕ ಹನ್ನೊಂದೂವರೆ ಸಾವಿರ ಇರುವುದು ದಲಾಲನ ಬಾಯಲ್ಲಿ.

ಹಂಡೆ ತುಂಬ ಹಾಲಿಗೆ ಒಂದು ಲೋಟ ಗಟ್ಟಿ ಡಿಕಾಕ್ಷನ್ ಸುರಿದು, ಕಾಫಿ ಅರ್ಧಕ್ಕರ್ಧ ಗಟ್ಟಿಯಾಯಿತೆಂದು ಯಾವ ಭಟ್ಟರೂ ಹೇಳಲಾರರು. ಬೀಡಾ ಗಾಡಿಯ ನಲವತ್ತನಾಲ್ಕು ಆ ಒಂದು ಲೋಟ. ಬ್ಯಾಂಕಿನ ಆರು ಹಂಡೆಯ ಹಾಲು. ಆದುದರಿಂದ ಶೇಕಡಾಗಳನ್ನು ಕೂಡಬೇಡಿ, ರೂಪಾಯಿಗಳನ್ನು ಕೂಡಿ. ಎಲ್ಲ ಕಡೆಯ ಲಾಭ ಕೂಡಿಸಿ, ನಷ್ಟವಿದ್ದರೆ ಕಳೆದು, ಹಾಕಿದ ಒಟ್ಟು ಅಸಲಿನಿಂದ ಭಾಗಿಸಿ ನೂರರಿಂದ ಗುಣಿಸಿರಿ. ಅಷ್ಟೇ.

ಬೀಡಾ ಗಾಡಿ ಮರುವರ್ಷ ಮುಳುಗಿತು, 5,000ವೂ ಹೋಯಿತು ಎನ್ನಿ. ಉಳಿದೆರಡರಿಂದ ಬಂದ 6,300ರಲ್ಲಿ ಅದನ್ನು ಕಳೆದರೆ 1,300. ಲಕ್ಷಕ್ಕೆ ಶೇಕಡಾ 1.3. ಒಂದು ಲೋಟ ಹುಳಿ ಮಜ್ಜಿಗೆ ಏನು ಮಾಡುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಲವನ್ನೂ ಕೇಳಿ ತಿಳಿಯಬೇಕು. "ಶೇಕಡಾ 24" ಎಂದು ದೊಡ್ಡ ಅಕ್ಷರದಲ್ಲಿ ಬರೆದು, "ಮೂರು ವರ್ಷಕ್ಕೆ" ಎಂಬುದನ್ನು ಇರುವೆಯ ಕಾಲಿನಷ್ಟು ಸಣ್ಣದಾಗಿ ಅಚ್ಚು ಹಾಕುವವರಿದ್ದಾರೆ. ವರ್ಷಕ್ಕೆ ಅದು ಎಂಟು. ಚಕ್ರಬಡ್ಡಿಯ ಲೆಕ್ಕದಲ್ಲಿ ಏಳೂವರೆಗೂ ತುಸು ಕಡಿಮೆ. ಒಂದು ವರ್ಷದ ಲಾಭವನ್ನು ಮೂರು ವರ್ಷದ ಲಾಭದ ಜೊತೆ ಕೂಡಿದರೆ ಲೆಕ್ಕ ಕೆಟ್ಟಿತೆಂದೇ ತಿಳಿಯಿರಿ.

ಕೊನೆಯದಾಗಿ, ನಮ್ಮವರಲ್ಲಿ ಅನೇಕರು ಮರೆಯುವ ಮಾತು. ಗಾಡಿಗೆ ಹಾಕಿದ ಆ 5,000 ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ತಂದ ಸಾಲವಾಗಿದ್ದರೆ? ವರ್ಷದ ಬಡ್ಡಿ 1,800. ಬಂದ 2,200ರಲ್ಲಿ ಅದನ್ನು ಕೊಟ್ಟ ಮೇಲೆ ಉಳಿದದ್ದು 400 ರೂಪಾಯಿ. ಗಾಡಿ ನಿಂತರೆ ಸಾಲ ಮಾತ್ರ ನಿಲ್ಲುವುದಿಲ್ಲ.

ಪಾಸ್‌ಬುಕ್, ಚೀಟಿಯ ಪುಸ್ತಕ ತಂದವರು ಮುಂದೆ ಬನ್ನಿ. ಹಲಗೆಯ ಮೇಲೆ ಒಬ್ಬೊಬ್ಬರದೇ ಲೆಕ್ಕ ಹಾಕೋಣ.