ಯಾವ ಸಾಲಿಯ ಮಾಸ್ತರು?



ಸ್ವಾಗತ ಕೋರಿದವರು ನಮ್ಮ ಬಿ.ಇಡಿ. ವಿಭಾಗದ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿ ಪರಿಚಯಿಸಿದರು. ಎಂ.ಎ., ಎಂ.ಇಡಿ., ನೆಟ್, ಪಿಎಚ್.ಡಿ., ಪ್ರಕಟವಾದ ಲೇಖನ, ಪ್ರಬಂಧ ಮಂಡಿಸಿದ ವಿಚಾರ ಸಂಕಿರಣ. ಎಲ್ಲವೂ ಕಷ್ಟಪಟ್ಟು ಗಳಿಸಿದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ವಿಜಯಪುರದ ಸ್ಟೇಷನ್ ರಸ್ತೆಯಿಂದ ಹೊರಟು ತಿಕೋಟಾ ಬಸ್ಸು ಹತ್ತಿ ಕೂತು, ನಾನು ಮಾಸ್ತರ ಅಂದು ನೋಡಿ. ಪಕ್ಕದಲ್ಲಿ ಕೂತ ರೈತ ಕೇಳುವುದು ಒಂದೇ ಪ್ರಶ್ನೆ: “ಯಾವ ಸಾಲ್ಯಾಗ್ರಿ?” ನಮ್ಮ ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಆ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಶಿಕ್ಷಕರನ್ನು ತಯಾರು ಮಾಡುವ ವಿಭಾಗದ ಸುದ್ದಿಯಲ್ಲಿ ಶಾಲೆಯ ಸುದ್ದಿಯೇ ಇಲ್ಲ. ಅಧ್ಯಕ್ಷನಿಗೆ ಕೊಟ್ಟ ಸಮಯವನ್ನು ನಾನು ಇದೊಂದು ಮಾತಿಗೇ ಬಳಸುತ್ತೇನೆ.

ದೋಷ ವರದಿ ಬರೆದವರದಲ್ಲ, ನಿಯಮವೇ ಹಾಗಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ನೂರು ಸೀಟಿನ ಬಿ.ಇಡಿ. ಕಾಲೇಜಿಗೆ 16 ಮಂದಿ ಬೇಕೆನ್ನುತ್ತದೆ. ಪ್ರಾಚಾರ್ಯರು ಒಬ್ಬರು, ಶಿಕ್ಷಣದ ತಾತ್ವಿಕ ವಿಷಯಗಳಿಗೆ ನಾಲ್ವರು, ಬೋಧನಾ ಪದ್ಧತಿಗಳಿಗೆ ಎಂಟು ಮಂದಿ, ದೈಹಿಕ ಶಿಕ್ಷಣ, ಚಿತ್ರಕಲೆ, ಪ್ರದರ್ಶನ ಕಲೆಗೆ ಒಬ್ಬೊಬ್ಬರು. (ಕೊನೆಯ ಎರಡು ಕುರ್ಚಿಗಳ ಬಗ್ಗೆ ಹೆಚ್ಚು ಮಾತಾಡಿದರೆ ಸಭೆಯಲ್ಲಿ ಕೆಲವರಿಗೆ ಕೆಮ್ಮು ಬರುತ್ತದೆ. ಬಿಡೋಣ.) ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಎಂ.ಇಡಿ. ಬೇಕು, ಪಿಎಚ್.ಡಿ. ಇದ್ದರೆ ಇನ್ನೂ ಒಳ್ಳೆಯದು. ಆದರೆ ಸಹಾಯಕ ಪ್ರಾಧ್ಯಾಪಕನಾಗುವವನು ಎಂಟನೇ ತರಗತಿಯ ಮಕ್ಕಳ ಮುಂದೆ ಒಂದು ವರ್ಷವಾದರೂ ನಿಂತಿರಬೇಕೆಂಬ ಮಾತು ಆ ಅರ್ಹತೆಯಲ್ಲಿ ಇಲ್ಲ. ಪದ್ಧತಿ ಕಲಿಸುವವರು ಪದ್ಧತಿಯ ಪುಸ್ತಕ ಓದಿ ಬಂದವರಾದರೆ ಸಾಕು.

ಅದೇ ನಿಯಮಾವಳಿ 2015-16ರಿಂದ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿತು. ಹಿಗ್ಗಿಸಿದ್ದೇ ಶಾಲೆಗಾಗಿ. ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ ಹದಿನಾರು ವಾರ, ಒಟ್ಟು ಇಪ್ಪತ್ತು ವಾರ ಪ್ರಶಿಕ್ಷಣಾರ್ಥಿ ಶಾಲೆಯಲ್ಲಿರಬೇಕು. ಅವನ ಹಿಂದೆ ನಮ್ಮ ಉಪನ್ಯಾಸಕರು ಎಷ್ಟು ದಿನ ಅಲ್ಲಿರುತ್ತಾರೆ? ಬಂದವರು ವೀಕ್ಷಣಾ ಪುಸ್ತಕದಲ್ಲಿ ಏನು ಬರೆಯುತ್ತಾರೆ? “ಧ್ವನಿ ಸ್ಪಷ್ಟ. ಕಪ್ಪುಹಲಗೆಯ ಬರಹ ಉತ್ತಮ. ಸಮಯಪಾಲನೆ ಇದೆ.” ಈ ಮೂರು ವಾಕ್ಯ ಬರೆಯಲು ತರಗತಿಯ ಒಳಗೆ ಹೋಗಬೇಕಾಗಿಲ್ಲ, ಕಿಟಕಿಯಲ್ಲಿ ಇಣುಕಿದರೆ ಸಾಕು.

ಹೀಗಾಗಿ ನಮ್ಮ ಸಿಬ್ಬಂದಿಯನ್ನು ನಾನು ಇನ್ನೊಮ್ಮೆ ಪರಿಚಯಿಸುತ್ತೇನೆ. ಹೆಸರುಗಳನ್ನು ಆಗಲೇ ಕೇಳಿದ್ದೀರಿ, ಮತ್ತೆ ಹೇಳುವುದಿಲ್ಲ.

ಮೊದಲು ಗಣಿತ ಪದ್ಧತಿಯ ಮೇಡಂ. ತಿಕೋಟಾ ಕಡೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಅವರ ವಿದ್ಯಾರ್ಥಿಯೊಬ್ಬ ಅನುಪಾತದ ಪಾಠ ಹಿಡಿದಿದ್ದ. ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ನಾನೂ ಕೂತಿದ್ದೆ. ಜಾಣ ಹುಡುಗ, ಊರಿಗೆ ತಕ್ಕ ಉದಾಹರಣೆ ತಂದಿದ್ದ: ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿಸಿದರೆ ಒಂದು ಕಿಲೋ ಒಣದ್ರಾಕ್ಷಿ, ಹಾಗಾದರೆ ನೂರು ಕಿಲೋಗೆ ಎಷ್ಟು? ಆ ಮಕ್ಕಳಲ್ಲಿ ಅನೇಕರು ಬೇಸಿಗೆಯಲ್ಲಿ ಒಣದ್ರಾಕ್ಷಿಯ ಶೆಡ್ಡಿನಲ್ಲೇ ಇರುವವರು. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊನೆ ಅದ್ದುವುದು, ನೆರಳಿನ ಜಾಳಿಗೆಯ ಮೇಲೆ ಹರವುವುದು, ಎರಡು ವಾರದ ಆಸುಪಾಸು ಕಾಯುವುದು ಅವರಿಗೆ ಗೊತ್ತು. ಒಬ್ಬ ಹುಡುಗ ಎದ್ದು ನಿಂತ. “ಗ್ಯಾರಂಟಿ ಇಲ್ರಿ ಸರ್. ಬ್ರಿಕ್ಸ್ ಮ್ಯಾಲ ಐತಿ. ಸಕ್ರಿ ಕಮ್ಮಿ ಇದ್ರ ಐದು ಕಿಲೋನೂ ಬೇಕಾಗ್ತಾವು.” ಬ್ರಿಕ್ಸ್ ಎಂದರೆ ಹಣ್ಣಿನ ಸಕ್ಕರೆಯ ಅಳತೆ. ಪ್ರಶಿಕ್ಷಣಾರ್ಥಿಯ ಪಾಠಯೋಜನೆಯಲ್ಲಿ ಈ ಉತ್ತರಕ್ಕೆ ಅಂಕಣ ಇರಲಿಲ್ಲ. “ಲೆಕ್ಕದಾಗ ಎಷ್ಟೈತಿ ಅಷ್ಟ ಹೇಳು” ಅಂದ. ತರಗತಿ ನಕ್ಕಿತು, ಹುಡುಗ ಕೂತ, ಹಲಗೆಯ ಮೇಲೆ 25 ಬಂತು, ಗಂಟೆ ಹೊಡೆಯಿತು.

ಮೇಡಂ ವೀಕ್ಷಣಾ ಪುಸ್ತಕದ ಧ್ವನಿ, ಹಲಗೆ, ಸಮಯದ ಖಾನೆಗಳನ್ನು ಖಾಲಿ ಬಿಟ್ಟು ಕೆಳಗೆ ಒಂದೇ ಸಾಲು ಬರೆದರು: “ಕೂತ ಹುಡುಗನನ್ನು ನಾಳೆ ಎಬ್ಬಿಸಬೇಕು.” ಮರುದಿನ ಚಾಕ್‌ಪೀಸು ಅವರೇ ಹಿಡಿದರು, ಪ್ರಶಿಕ್ಷಣಾರ್ಥಿಗಳೆಲ್ಲ ಹಿಂದೆ ಕೂತು ನೋಡಿದರು. ನಾಲ್ಕು ಕಿಲೋಗೊಂದಾದರೆ ನೂರಕ್ಕೆ 25, ನಾಲ್ಕೂವರೆಗೊಂದಾದರೆ 22 ಚಿಲ್ಲರೆ, ಐದಕ್ಕೊಂದಾದರೆ 20. ಕೋಷ್ಟಕ ಮಕ್ಕಳ ಬಾಯಿಂದಲೇ ತುಂಬಿತು. ಒಂದು ಹೆಚ್ಚಿದಂತೆ ಇನ್ನೊಂದು ಇಳಿಯುವ ಲೆಕ್ಕ ಮುಂದಿನ ಪಾಠದಲ್ಲಿ ಬರಬೇಕಿತ್ತು, ಆ ಹುಡುಗನ ದೆಸೆಯಿಂದ ಅಂದೇ ಬಂತು. ಐದು ಕಿಲೋ ಹೋದರೆ ಅಪ್ಪನಿಗೆ ಎಷ್ಟು ಲುಕ್ಸಾನು ಎಂದು ಒಬ್ಬಳು ತಾನಾಗಿಯೇ ಲೆಕ್ಕ ಹಾಕತೊಡಗಿದಳು. ಮೇಡಂ ಅವರ ಪಿಎಚ್.ಡಿ. ವಿಷಯ ಏನೆಂದು ನನಗೆ ನೆನಪಿಲ್ಲ, ಕ್ಷಮಿಸಬೇಕು. ಈ ಎರಡು ದಿನ ಮಾತ್ರ ನೆನಪಿವೆ. ವರದಿಯಲ್ಲಿ ಇವು ಎಲ್ಲಿವೆ?

ಶಾಲೆಯಲ್ಲಲ್ಲದೆ ನಮ್ಮ ಕಾಲೇಜಿನೊಳಗೇ ನಡೆಯುವ ಕಿರುಪಾಠದ ಅಭ್ಯಾಸ, ಅಂದರೆ ಮೈಕ್ರೋ ಟೀಚಿಂಗ್ ಬಗ್ಗೆಯೂ ಒಂದು ಮಾತು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ್ದು, ನಮ್ಮಲ್ಲಿ ಮೂವತ್ತಾರು ನಿಮಿಷದ ಚಕ್ರವಾಗಿ ನೆಲೆಯೂರಿದೆ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಮತ್ತೆ ಆರು. ಪ್ರಶ್ನೆ ಕೇಳುವ ಕೌಶಲ, ವಿವರಿಸುವ ಕೌಶಲ, ಪ್ರಬಲನ ಕೌಶಲ ಬಿಡಿಬಿಡಿಯಾಗಿ ಪಳಗುತ್ತವೆ. ಒಳ್ಳೆಯದೇ. ಆದರೆ ಅಲ್ಲಿ ಮಕ್ಕಳ ಜಾಗದಲ್ಲಿ ಕೂತಿರುವವರು ಸಹಪಾಠಿಗಳು. ಯಾವ ಉತ್ತರ ಬೇಕೆಂದು ಅವರಿಗೆ ಗೊತ್ತು, ಅದನ್ನೇ ಕೊಡುತ್ತಾರೆ. ಇದೇ ಸ್ಟೇಷನ್ ರಸ್ತೆಯ ಬದಿಯಲ್ಲಿರುವ ಗೋಳಗುಮ್ಮಟದ ಗ್ಯಾಲರಿಯಲ್ಲಿ ಕೂಗಿದಂತೆ: ನಮ್ಮದೇ ದನಿ ಏಳು ಸಲ ತಿರುಗಿ ಬರುತ್ತದೆ, ಇನ್ನೊಬ್ಬರದು ಒಂದು ಸಲವೂ ಬರುವುದಿಲ್ಲ. ಬ್ರಿಕ್ಸ್ ಬಗ್ಗೆ ತಕರಾರು ಎತ್ತುವ ಹುಡುಗ ಆ ಮೂವತ್ತಾರು ನಿಮಿಷದಲ್ಲಿ ಸಿಗುವುದಿಲ್ಲ.

ಎರಡನೆಯವರು ಕನ್ನಡ ಪದ್ಧತಿಯ ಮಾಸ್ತರು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ತಾಂಡಾದಿಂದ ಲಂಬಾಣಿ ಮಾತು ಹೊತ್ತು ಬಂದವರಿದ್ದಾರೆ, ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಕಲಿತು ಗಡಿ ದಾಟಿ ಬಂದವರಿದ್ದಾರೆ. ಅವರು ಪಾಠ ಮಾಡಲು ಹೋಗುವ ತರಗತಿಗಳೂ ಹಾಗೆಯೇ. ಕಬ್ಬು ಕಡಿಯಲು ಗುಳೆ ಹೋದ ತಂದೆತಾಯಿ ಹಿಂದಿರುಗಿದ ಮೇಲೆ ವರ್ಷದ ನಡುವೆ ಶಾಲೆಗೆ ಬಂದು ಕೂರುವ ಮಕ್ಕಳಿದ್ದಾರೆ. ಈ ಮಾಸ್ತರು ಇಂಟರ್ನ್‌ಶಿಪ್ ಶುರುವಾಗುವ ಮುನ್ನ ಪ್ರತಿ ಪ್ರಶಿಕ್ಷಣಾರ್ಥಿಯಿಂದ ಒಂದು ಪಟ್ಟಿ ಬರೆಸುತ್ತಾರೆ: ನಿನ್ನ ತರಗತಿಯ ಮಕ್ಕಳು ಮನೆಯಲ್ಲಿ ನೀರಿಗೆ, ರೊಟ್ಟಿಗೆ, ಅಜ್ಜಿಗೆ ಏನೆನ್ನುತ್ತಾರೆ, ಮಳೆ ಹೋಯಿತು ಎನ್ನುವುದನ್ನು ಹೇಗೆನ್ನುತ್ತಾರೆ. ಪಟ್ಟಿ ಇಲ್ಲದೆ ಪಾಠಯೋಜನೆಗೆ ಸಹಿ ಇಲ್ಲ. ಮೊದಲು ಹುಡುಗರು ಗೊಣಗಿದರು. ಈಗ ತಾಂಡಾದ ಹುಡುಗಿ ‘ಪಾಣಿ’ ಅಂದಾಗ ತಿದ್ದಲು ಧಾವಿಸುವುದನ್ನು ಬಿಟ್ಟು, ಹಲಗೆಯ ಮೇಲೆ ‘ನೀರು’ ಪಕ್ಕದಲ್ಲಿ ಅದನ್ನೂ ಬರೆಯುತ್ತಾರೆ.

ಮನೆಯ ಮಾತಿಗೆ ಹೀಗೆ ಕಿವಿಗೊಟ್ಟು ಬರೆದುಕೊಳ್ಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಹಲಸಂಗಿಯ ಮಧುರಚೆನ್ನರ ಬಳಗದೊಡನೆ ಸೇರಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಮುಂದೆ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಇಂದಿನ ನಮ್ಮ ಸಿಬ್ಬಂದಿ ನಮೂನೆಯಲ್ಲಿ ಅವರ ಪರಿಚಯ ತುಂಬಿಸಲು ಹೋದರೆ ಹೆಚ್ಚಿನ ಖಾನೆಗಳು ಖಾಲಿ ಉಳಿಯುತ್ತವೆ. ನಮೂನೆ ಬದಲಿಸಬೇಕು ಎನ್ನಲು ನನಗೆ ಇಷ್ಟೇ ಆಧಾರ ಸಾಕು.

ಮೂರನೆಯವರು ಅತಿಥಿ ಉಪನ್ಯಾಸಕರು. ಬಹುವಚನ ಗೌರವಕ್ಕಲ್ಲ, ನಿಜವಾಗಿಯೂ ಬಹಳ ಜನರಿದ್ದಾರೆ. ಕಾಯಂ ಹುದ್ದೆ ಖಾಲಿಯಾದಲ್ಲೆಲ್ಲ ಅವರಿದ್ದಾರೆ. ಬಬಲೇಶ್ವರದಾಚೆಯ ಶಾಲೆಗೆ ಪಾಠ ನೋಡಲು ಹೋಗುವವರು ಹೆಚ್ಚಾಗಿ ಅವರೇ, ಬಸ್ ಚಾರ್ಜು ಕೈಯಿಂದ ಹಾಕುವವರೂ ಅವರೇ. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವವನಿಗೆ ಶಾಲೆಯಲ್ಲಿ ಕಳೆದ ದಿನ ಗಂಟೆಯಾಗಿ ಎಣಿಕೆಯಾಗದಿದ್ದರೆ ಅವನು ಕಿಟಕಿಯಿಂದಲೇ ಇಣುಕಿ ಬರುತ್ತಾನೆ. ಅವನನ್ನು ಬೈಯುವ ಬಾಯಿ ನನಗಿಲ್ಲ.

ಶಾಲೆಗೆ ಹೋದ ದಿನಕ್ಕೂ ಕೊಡಲು ದುಡ್ಡೆಲ್ಲಿಂದ ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ನೋಡಲಿ. ಸಾ.ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗೆ 27 ವಸತಿಗಳಿದ್ದವು. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪದ ಎಣ್ಣೆಗೇ ಪ್ರತ್ಯೇಕ 12 ನಿವರ್ತನ. ಸಾಲದ್ದಕ್ಕೆ ಊರವರು ತಮ್ಮ ಮನೆಯ ಮದುವೆಗೆ ಐದು ನಾಣ್ಯ, ಮುಂಜಿವೆಗೆ ಎರಡೂವರೆ, ಚೌಲಕ್ಕೆ ಒಂದೂವರೆ ಶಾಲೆಗೆ ಕೊಡಬೇಕೆಂದು ಒಪ್ಪಿದ್ದರು. ಆ ವಿದ್ಯೆ ಯಾರ ಮಕ್ಕಳಿಗೆ ಸಿಕ್ಕಿತು, ಯಾರ ಮಕ್ಕಳಿಗೆ ಸಿಗಲಿಲ್ಲ ಎಂಬುದು ನಮಗೆಲ್ಲ ಗೊತ್ತಿದೆ, ಅದನ್ನು ಮರೆತು ಹೊಗಳಲಾರೆ. ಆದರೆ ದೀಪದ ಎಣ್ಣೆಯನ್ನು ಯಾರ ತಲೆಗೆ ಕಟ್ಟಬೇಕೆಂದು ಮೊದಲೇ ಯೋಚಿಸಿ ಕಲ್ಲಿನಲ್ಲಿ ಕೊರೆಸಿದ್ದರಲ್ಲ, ಆ ಲೆಕ್ಕಾಚಾರ ನಮಗೆ ಬೇಕು. 1910ರಲ್ಲಿ ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆಗೆ ಅಡಿಪಾಯ ಹಾಕಿದಾಗಲೂ ಹಣ ಮೊದಲು ಬಂದು ಕೂತಿರಲಿಲ್ಲ.

ನಾಲ್ಕು ವರ್ಷದ ಸಮಗ್ರ ಬಿ.ಇಡಿ. ಕೋರ್ಸಿನ ಬಗ್ಗೆ ಬೆಳಗಿನಿಂದ ಗಾಬರಿ ಕೇಳಿಸುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ 2030ರ ಗಡುವು ಹಾಕಿರುವುದು ನಿಜ. ಆದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ಶುರುವಾದದ್ದೇ ನಾಲ್ಕು ವರ್ಷದ ಕೋರ್ಸು ನಡೆಸಲು, ಪಕ್ಕದಲ್ಲೇ ತನ್ನ ಪ್ರಾಯೋಗಿಕ ಶಾಲೆಯನ್ನು ಇಟ್ಟುಕೊಂಡು. ಬದಲಾವಣೆ ನಮಗೂ ಹೊಸದಲ್ಲ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ನಮ್ಮ ಜಿಲ್ಲೆಯ ಕಾಲೇಜುಗಳು ಹೊರಳಿದವು. ಒಂದು ವರ್ಷ ಎರಡಾಯಿತು, ನಾಳೆ ನಾಲ್ಕಾದೀತು. ವರ್ಷ ಎಷ್ಟಾದರೇನು, ಪಕ್ಕದಲ್ಲಿ ಶಾಲೆ ಇದೆಯೇ ಎಂದು ಕೇಳಿ.

ಈಗ ಠರಾವಿಗೆ ಬರುತ್ತೇನೆ. ಒಂದು, ಮುಂದಿನ ವರ್ಷದಿಂದ ವಿಭಾಗದ ಪ್ರತಿಯೊಬ್ಬ ಬೋಧಕರೂ, ಪ್ರಾಚಾರ್ಯರೂ ಸೇರಿ, ವರ್ಷದಲ್ಲಿ ಎರಡು ವಾರ ಒಂದು ಪ್ರೌಢಶಾಲೆಯಲ್ಲಿ ತಾವೇ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಪ್ರಶಿಕ್ಷಣಾರ್ಥಿಗಳು ಕೂತು, ಅದೇ ವೀಕ್ಷಣಾ ಪುಸ್ತಕದಲ್ಲಿ ನಮ್ಮ ಬಗ್ಗೆ ಬರೆಯಬೇಕು. ಎರಡು, ವಾರ್ಷಿಕ ವರದಿಯ ಸಿಬ್ಬಂದಿ ಪಟ್ಟಿಯಲ್ಲಿ ಪದವಿಯ ಖಾನೆಗಿಂತ ಮುಂಚೆ ಶಾಲೆಯ ಖಾನೆ ಬರಬೇಕು. ಮೂರು, ಅತಿಥಿ ಉಪನ್ಯಾಸಕರು ಶಾಲೆಯಲ್ಲಿ ಕಳೆದ ಸಮಯಕ್ಕೆ ಸಂಭಾವನೆ, ಹೋಗಿಬರುವ ಖರ್ಚು ಆಡಳಿತ ಮಂಡಳಿಯದು.

ಕರಡು ಕಾರ್ಯದರ್ಶಿಗಳ ಹತ್ತಿರ ಇದೆ. ಮೂರನೆಯದಕ್ಕೆ ಎಲ್ಲರೂ ಕೈ ಎತ್ತುತ್ತೀರಿ, ಗೊತ್ತಿದೆ. ಮೊದಲನೆಯದನ್ನು ವಿರೋಧಿಸುವವರಿಗೆ ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲು ಮಾತಾಡುವ ಅವಕಾಶ ಕೊಡುತ್ತೇವೆ. ಊಟ ಮಾಡಿ ಬನ್ನಿ.