ಹೆಸರಿಲ್ಲದ ಮಾವುತನ ಕಡೆಯ ಗಳಿಗೆ

(ಉತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಾಠ)



ಕೃಷ್ಣಾ ತೀರದ ಊರುಗಳಲ್ಲಿ ಜಾತ್ರೆಯೆಂದರೆ ಹಗಲು ತೇರು, ರಾತ್ರಿ ಆಟ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿಗೆರೆ ಬದಲಾದರೂ ಮಹಾಭಾರತದ ಕಥೆ ಹೊಳೆಯ ಎರಡೂ ದಂಡೆಗೆ ಒಂದೇ. ಕನ್ನಡಿಗರಿಗೆ ಅದು ದೊಡ್ಡಾಟ, ತೆಲುಗರಿಗೆ ವೀಧಿ ಭಾಗವತ.

ಆಟದಲ್ಲಿ ಭೀಮ, ದುರ್ಯೋಧನರ ವೇಷ ಬಂದಾಗ ನಿದ್ದೆಗಣ್ಣಿನವರೂ ಎದ್ದು ಕೂಡುತ್ತಾರೆ. ಸಾರಥಿ, ದೂತ, ಕಾವಲುಗಾರ ಬಂದುಹೋದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅವರ ಕೊನೆ ಏನಾಯಿತೆಂದು ಕೇಳುವವರು ವಿರಳ.

ಹಿರಿಯ ಕವಿಗಳು ಮಾತ್ರ ಅವರನ್ನು ಮರೆಯಲಿಲ್ಲ. ಸಾವನ್ನು ರಂಗದ ಮೇಲೆ ತೋರಿಸದಿರುವುದು ಸಂಸ್ಕೃತ ನಾಟಕಗಳ ವಾಡಿಕೆ. ಭಾಸನ ಊರುಭಂಗ ಆ ವಾಡಿಕೆಯನ್ನು ಮೀರಿ ದುರ್ಯೋಧನನ ಕಡೆಯುಸಿರನ್ನು ಸಭೆಯ ಮುಂದಿಟ್ಟಿತು. ಆ ನಾಟಕದ ಆರಂಭದಲ್ಲಿ ರಣಭೂಮಿಯನ್ನು ವರ್ಣಿಸುವವರು ಹೆಸರಿಲ್ಲದ ಮೂವರು ಭಟರು. ಕವಿಚಕ್ರವರ್ತಿ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ಶತ್ರುವಿನ ಮಗನಾದ ಅಭಿಮನ್ಯುವಿಗೂ ಅವನಿಂದ ಗೌರವ ಸಲ್ಲಿಸಿದನು. 1931ರಲ್ಲಿ ಪ್ರಕಟವಾದ ಕುವೆಂಪು ಅವರ ಶ್ಮಶಾನ ಕುರುಕ್ಷೇತ್ರಂ ನಾಟಕದಲ್ಲಿ ಸಾಮಾನ್ಯ ಯೋಧರ, ಅವರ ಮನೆಯವರ ಸಂಕಟಕ್ಕೂ ಎಡೆ ದೊರೆಯಿತು.

ಇದೇ ದಾರಿಯಲ್ಲಿ ನಡೆದು ದ್ರೋಣಪರ್ವದ ಒಂದು ಸನ್ನಿವೇಶವನ್ನು ನೋಡಬಹುದು. ಅಂದು ಯುದ್ಧದ ಹದಿನೈದನೆಯ ದಿನ. ದ್ರೋಣಾಚಾರ್ಯರು ಕೈಯಲ್ಲಿ ಬಿಲ್ಲು ಹಿಡಿದಿರುವವರೆಗೆ ಪಾಂಡವರಿಗೆ ಜಯವಿಲ್ಲ. ಆಗ ಭೀಮಸೇನನು ತನ್ನದೇ ಪಕ್ಷದ ಮಾಳವರಾಜ ಇಂದ್ರವರ್ಮನ ಆನೆಯನ್ನು ಗದೆಯಿಂದ ಕೊಂದನು. ಆನೆಯ ಹೆಸರು ಅಶ್ವತ್ಥಾಮ. ಮಗನೇ ಸತ್ತನೆಂಬ ಸುದ್ದಿಯನ್ನು ನಂಬಲಾರದೆ ಆಚಾರ್ಯರು ಧರ್ಮರಾಯನನ್ನೇ ಕೇಳಿದರು. ಆತ ಆನೆಯೆಂಬ ಮಾತನ್ನು ಕೇಳಿಸದಂತೆ ನುಡಿದನು. ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು.

ಇಷ್ಟು ಸರ್ವರಿಗೂ ತಿಳಿದ ಕಥೆ. ಆದರೆ ಯುದ್ಧದ ಆನೆಗೆ ಒಬ್ಬ ಮಾವುತನೂ ಇರಲೇಬೇಕಲ್ಲವೇ? ಅವನ ಕಡೆಯ ಗಳಿಗೆಯನ್ನು ಹೀಗೆ ಊಹಿಸಬಹುದು.

ಗದೆ ಹಿಡಿದು ಬರುತ್ತಿರುವ ಭೀಮಸೇನನನ್ನು ಕಂಡು ಅವನು ಹೆದರಲಿಲ್ಲ. ನಮ್ಮವರೇ ಬಂದರೆಂದು ಆನೆಯ ಸೊಂಡಿಲೆತ್ತಿಸಿ ವಂದನೆ ಮಾಡಿಸಿದನು. ಏಟು ಬಿತ್ತು. ಆನೆ ಕುಸಿಯಿತು, ಅದರ ಮೈಯಡಿಯಲ್ಲಿ ಅವನ ಕಾಲು ಸಿಕ್ಕಿತು. ಸುತ್ತಲೂ "ಅಶ್ವತ್ಥಾಮ ಸತ್ತ" ಎಂಬ ಕೂಗು ಎದ್ದಿತು. ಒಂದು ಕಡೆಯವರು ಹಿಗ್ಗಿದರು, ಇನ್ನೊಂದು ಕಡೆಯವರು ಬೆದರಿದರು. ಆನೆಗಾಗಿ ಅತ್ತವನು ಅವನೊಬ್ಬನೇ. ಅದರ ಕಿವಿಗೆ ಬಾಯಿಟ್ಟು, "ಏಳೋ ನನ್ನಪ್ಪಾ, ಹೊಳಿಗೆ ಹೋಗೂಣು, ನೀರು ಕುಡಸ್ತೀನಿ" ಎಂದು ಕರೆಯುತ್ತಲೇ ಅವನ ಉಸಿರು ನಿಂತಿತು.

ಸತ್ತದ್ದು ಆನೆಯೆಂದು ದ್ರೋಣರಿಗೆ ಮುಚ್ಚುಮರೆಯಿಲ್ಲದೆ ಹೇಳಬಲ್ಲವನು ಆ ಮಾವುತ. ಧರ್ಮರಾಯನನ್ನು ಕೇಳಿದ ಆಚಾರ್ಯರಿಗೆ ಅವನನ್ನು ಕೇಳಬೇಕೆಂದು ತೋಚಲಿಲ್ಲ. ದೊಡ್ಡವರ ಬಾಯಲ್ಲಿ ಸತ್ಯ ತಗ್ಗಿದ ಹೊತ್ತಿನಲ್ಲಿ, ಅದು ಚಿಕ್ಕವನೊಬ್ಬನ ಕಣ್ಣೀರಿನಲ್ಲಿ ಉಳಿದಿತ್ತು. ಅಂತರ್ಯಾಮಿಯಾದ ಭಗವಂತನಿಗೆ ಆ ಕಣ್ಣೀರು ಕಾಣದೆ ಇದ್ದೀತೇ?

ದೇವರ ಕಾರ್ಯದಲ್ಲಿಯೂ ಇಂತಹವರು ಅನೇಕರಿದ್ದಾರೆ. ತೇರಿನ ಗಾಲಿಗೆ ಜೀವದ ಹಂಗು ತೊರೆದು ಅಡ್ಡಗಟ್ಟಿಗೆ ಕೊಡುವವರು, ದಾಸೋಹದ ಒಲೆಯ ಮುಂದೆ ಬೇಯುವವರು, ಜಾತ್ರೆ ಮುಗಿದ ಮರುದಿನ ಅಂಗಳ ಗುಡಿಸುವವರು. ದೇಣಿಗೆಯ ಪಟ್ಟಿಯಲ್ಲಿ ಅವರ ಹೆಸರು ಅಚ್ಚಾಗುವುದಿಲ್ಲ. ಅವರು ಬದುಕಿರುವಾಗಲೇ ಕರೆದು ಮಾತನಾಡಿಸಿ, ಹೆಸರು ಕೇಳಿ, ಪ್ರಸಾದ ಕೊಡುವುದು ಭಕ್ತರ ಧರ್ಮ. ಆಟದ ಮೇಳದವರೂ ಮುಂದೆ ಈ ಪ್ರಸಂಗವಾಡುವಾಗ ಮಾವುತನಿಗೆ ಎರಡು ಮಾತು ಕೊಟ್ಟರೆ, ಆ ವೇಷ ಹಾಕಿದ ಹುಡುಗನಿಗೂ ಸಭೆಯ ಕಣ್ಣು ಸಿಕ್ಕೀತು.

ಕೃಷ್ಣಾ ಗ್ರಾಮದ ಸಮೀಪ ಭೀಮಾ ನದಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಹೆಸರು ಕೃಷ್ಣೆಯದೊಂದೇ. ಹೊಲಕ್ಕೆ ಹರಿಯುವ ನೀರು ಇಬ್ಬರದೂ ಹೌದು. ಸಮಸ್ತ ಸೇವಾಕರ್ತರಿಗೂ ಭಗವಂತನು ಸನ್ಮಂಗಲವನ್ನುಂಟುಮಾಡಲಿ.