ಟೆಕ್ಸಾಸಿನ ಮನೆ, ಇನ್ನಂಜೆಯ ಗದ್ದೆ

ಇನ್ನಂಜೆ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. "ಮಗ ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸಿಗೆ ಹೋಗ್ತಾನಂತೆ. ಅಲ್ಲಿ ಮನೆ ತಗೊಳ್ಳಿಕ್ಕೆ ಇಲ್ಲಿಯ ಗದ್ದೆ ಮಾರಿ ಅಂತಾನೆ. ಮಾರಬಹುದಾ?"

ಮಗ ದಡ್ಡ ಅಲ್ಲ. ಅದನ್ನು ಮೊದಲೇ ಹೇಳಿಬಿಡ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರದ ತೆರಿಗೆಯ ಮೇಲೆ ರಾಜ್ಯದ ಆದಾಯ ತೆರಿಗೆಯೂ ಇದೆ. ಟೆಕ್ಸಾಸಿನಲ್ಲಿ ಅದು ಸೊನ್ನೆ. ಮುಂದೆಯೂ ಹಾಕಬಾರದು ಅಂತ 2019ರಲ್ಲಿ ಅಲ್ಲಿನ ಮತದಾರರೇ ಸಂವಿಧಾನಕ್ಕೆ ತಿದ್ದುಪಡಿ ಮಾಡಿಕೊಂಡಿದ್ದಾರೆ. ಕಂಪನಿಗಳೂ ಆ ಕಡೆ ಹೊರಟಿವೆ. ಟೊಯೋಟಾ 2017ರಲ್ಲಿ ತನ್ನ ಅಮೆರಿಕಾ ಕಚೇರಿಯನ್ನು ಡಲ್ಲಾಸ್ ಪಕ್ಕದ ಪ್ಲೇನೋಗೆ ತಂದಿತು. ಟೆಸ್ಲಾ 2021ರಲ್ಲಿ ಆಸ್ಟಿನ್‌ಗೆ ಬಂತು. 2010ರಿಂದ 2020ರೊಳಗೆ ಆ ಒಂದೇ ರಾಜ್ಯದ ಜನಸಂಖ್ಯೆ ಹತ್ತಿರ ಹತ್ತಿರ 40 ಲಕ್ಷ ಹೆಚ್ಚಿತು. ಸಿಲಿಕಾನ್ ವ್ಯಾಲಿಯಲ್ಲಿ ಫ್ಲ್ಯಾಟಿಗೆ ಕೊಡುವ ದುಡ್ಡಿಗೆ ಅಲ್ಲಿ ನಾಲ್ಕು ಕೋಣೆಯ ಮನೆ, ಹಿಂದೆ ಮಕ್ಕಳು ಓಡಾಡುವಷ್ಟು ಅಂಗಳ. ಅಂಗಳದಲ್ಲಿ ಆಡಿ ಬೆಳೆದ ಇನ್ನಂಜೆಯ ಹುಡುಗನಿಗೆ ಆಸೆ ಆಗದೆ ಇರ್ತದಾ?

ನಮ್ಮವರೂ ಅಲ್ಲಿ ಕಡಿಮೆ ಇಲ್ಲ. 2018ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಡಲ್ಲಾಸಿನಲ್ಲಿ. ಹ್ಯೂಸ್ಟನ್‌ನಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ. ಶಂಕರಪುರದ ಅಟ್ಟೆ ಮಲ್ಲಿಗೆ ಸಿಗಲಿಕ್ಕಿಲ್ಲ, ಆದರೆ ಡಲ್ಲಾಸಿನ ಕನ್ನಡ ಸಂಘದ ಹೆಸರೇ ಮಲ್ಲಿಗೆ!

ಸರಿ, ಈಗ ಲೆಕ್ಕದ ಇನ್ನೊಂದು ಪುಟ. ಆದಾಯ ತೆರಿಗೆ ಇಲ್ಲದ ಸರಕಾರ ಶಾಲೆಗೆ, ರಸ್ತೆಗೆ ದುಡ್ಡು ಎಲ್ಲಿಂದ ತರ್ತದೆ? ನಿಮ್ಮ ಮನೆಯಿಂದ. ಡಲ್ಲಾಸ್ ಸುತ್ತಮುತ್ತ ಕೆಲವು ಕಡೆ ಮನೆ ತೆರಿಗೆ ಮನೆಯ ಬೆಲೆಯ ಶೇಕಡಾ 2ರ ಹತ್ತಿರ ಬರ್ತದೆ. 5 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 10 ಸಾವಿರ ಡಾಲರ್ ಅಂದುಕೊಳ್ಳಿ. ಸಾಲ ತೀರಿದ ಮೇಲೂ ಕಟ್ಟಬೇಕು. ಕರೆಂಟ್ ಕಥೆ ಬೇರೆ. ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾ ಇರುವ ಇನ್ನಂಜೆಯವರಿಗೆ ಇದು ಬೇಗ ಅರ್ಥ ಆಗ್ತದೆ. ಟೆಕ್ಸಾಸಿನ ಗ್ರಿಡ್ ದೇಶದ ಉಳಿದ ಗ್ರಿಡ್‌ಗಳಿಂದ ಬಹುಪಾಲು ಪ್ರತ್ಯೇಕ. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದಾಗ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವೀಸಾ ವಿಷಯ ಕೇಳಲೇಬೇಡಿ. ಒಂದು ದೇಶದವರಿಗೆ ಗ್ರೀನ್ ಕಾರ್ಡಿನಲ್ಲಿ ಶೇಕಡಾ 7ರ ಮಿತಿ, ಭಾರತೀಯರ ಸಾಲು ಮುಗಿಯುವುದೇ ಇಲ್ಲ. ಕೆಲಸ ಹೋದರೆ ಎಚ್-1ಬಿಯವನಿಗೆ ಇನ್ನೊಂದು ಕೆಲಸ ಹುಡುಕಲಿಕ್ಕೆ ಹೆಚ್ಚೆಂದರೆ 60 ದಿನ. ಮನೆ ಸಾಲದ ಕಂತು ಆ 60 ದಿನ ಕಾಯ್ತದಾ?

ಇಷ್ಟೆಲ್ಲ ಮಗ ನೋಡಿಯೇ ಹೊರಟಿರ್ತಾನೆ, ಅದು ಅವನ ಲೆಕ್ಕ. ನಾನು ಮಾತಾಡಬೇಕಾದ್ದು ಗದ್ದೆಯ ಬಗ್ಗೆ.

ಈ ಊರುಗಳಿಂದ ಜನ ಹೊರಗೆ ಹೋಗುವುದು ಹೊಸತಲ್ಲ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು ಹಣ ಕಳಿಸಿದವರಿದ್ದಾರೆ, ಗಲ್ಫಿನ ಬಿಸಿಲಲ್ಲಿ ದುಡಿದು ಊರಲ್ಲಿ ತಾರಸಿ ಮನೆ ಕಟ್ಟಿದವರಿದ್ದಾರೆ. ದುಡ್ಡು ಅಲ್ಲಿಂದ ಇಲ್ಲಿಗೆ ಬರ್ತಿತ್ತು. ದೈವಸ್ಥಾನದ ಜೀರ್ಣೋದ್ಧಾರದ ರಶೀದಿ ಪುಸ್ತಕ ಮೊದಲು ಹೋಗುತ್ತಿದ್ದದ್ದೇ ಮುಂಬಯಿಗೆ. ಈಗ ಕೆಲವು ಮನೆಗಳಲ್ಲಿ ದುಡ್ಡು ತಿರುಗಿ ಹರಿಯಲಿಕ್ಕೆ ಶುರುವಾಗಿದೆ. 5 ಲಕ್ಷ ಡಾಲರಿನ ಮನೆಗೆ ಶೇಕಡಾ 20 ಮುಂಗಡ ಅಂದರೆ 1 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 80 ಲಕ್ಷ ದಾಟ್ತದೆ. ಅದಕ್ಕೆ ಅಪ್ಪನ ಗದ್ದೆ!

ಇಲ್ಲಿ ಒಂದು ಕಾನೂನು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅನಿವಾಸಿ ಭಾರತೀಯ ಇಲ್ಲಿ ಮನೆ, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ಅಪ್ಪನಿಂದ ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು, ಮಾರುವುದಾದರೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ವಾಪಸ್ ಬಂದು ನೆಲೆಸಿದರೆ ಮತ್ತೆ ಕೊಳ್ಳುವ ದಾರಿ ಇದೆ. ಆದರೆ ಅಮೆರಿಕಾದ ಪ್ರಜೆಯಾಗಿ ಓಸಿಐ ಕಾರ್ಡ್ ಹಿಡಿದು ಬಂದನಾ? ಬಂಟಕಲ್ಲಿನಲ್ಲಿ ಫ್ಲ್ಯಾಟ್ ತಗೊಳ್ಳಬಹುದು, ಗದ್ದೆ ಸಾಧ್ಯವಿಲ್ಲ.

ಗದ್ದೆ ಮಾರುವಾಗ ಅದರ ಮೂಲೆಯಲ್ಲಿ ನಾಗಬನ ಇರ್ತದೆ. ಅದಕ್ಕೆ ಹೋಗುವ ದಾರಿ ಪತ್ರದಲ್ಲಿ ಬರೆದಿದ್ದಾರಾ? ಅಪ್ಪ ಅಮ್ಮ ಕುಡಿಯುವ ಬಾವಿ ಯಾರ ಸರ್ವೆ ನಂಬರಿನಲ್ಲಿದೆ? ಫೋನಿನಲ್ಲಿ "ಮಾರಿಬಿಡಿ ಅಪ್ಪ" ಅನ್ನುವವನಿಗೆ ಇದು ತೋರುವುದಿಲ್ಲ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಮಗ ಟೆಕ್ಸಾಸಿಗೆ ಹೋಗಲಿ, ತಡೆಯಬೇಡಿ. ಮುಂಗಡ ಅವನ ಸಂಬಳದಿಂದ ಬರಲಿ, ಬೇಕಾದರೆ ಎರಡು ವರ್ಷ ಬಾಡಿಗೆ ಮನೆಯಲ್ಲಿರಲಿ. ಪವರ್ ಆಫ್ ಅಟಾರ್ನಿ ಅಂತ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ರಜೆಯಲ್ಲಿ ಅವನು ಬಂದಾಗ ಆರ್‌ಟಿಸಿ, ನಕ್ಷೆ ಎರಡನ್ನೂ ಊಟದ ಮೇಜಿನ ಮೇಲಿಡಿ. ಒಂದೇ ಒಂದು ಪ್ರಶ್ನೆ ಕೇಳಿ: ಆ ದೇಶದ ಪ್ರಜೆ ಆಗ್ತೀಯಾ, ಇಲ್ವಾ? ಅವನು ಉತ್ತರ ಕೊಡುವವರೆಗೆ ದಲ್ಲಾಳಿಯನ್ನು ಜಗಲಿ ಹತ್ತಿಸಬೇಡಿ.